ಪ್ರೊಸೆಸರ್ 95 ಡಿಗ್ರಿ ತೋರಿಸುತ್ತಿದೆ, ಹೆದರಬೇಕೆ?

ಪ್ರಶ್ನೆ: ಸಿಂಧನೂರಿನಲ್ಲಿ ನನ್ನದೊಂದು ಫೋಟೊ ಸ್ಟುಡಿಯೊ ಇದೆ. ಮದುವೆ ಆಲ್ಬಂ ಮತ್ತು ವಿಡಿಯೊ ಎಡಿಟಿಂಗ್ ಕೆಲಸಕ್ಕೆಂದು 2022ರಲ್ಲಿ ಕಂಪ್ಯೂಟರ್ ಜೋಡಿಸಿಕೊಂಡೆ. ಇಂಟೆಲ್ ಐ5-12400 ಪ್ರೊಸೆಸರ್, ಅದರ ಡಬ್ಬಿಯಲ್ಲೇ ಬಂದ ಕೂಲರ್, ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್, ಒಂದು ಎನ್‌ವಿಎಂಇ ಎಸ್‌ಎಸ್‌ಡಿ, 4 ಟಿಬಿಯ ಹಾರ್ಡ್ ಡಿಸ್ಕ್ ಮತ್ತು 600 ವಿಎ ಯುಪಿಎಸ್ ಇವೆ. ಧೂಳಿಗೆ ಹೆದರಿ ಇವೆಲ್ಲವನ್ನೂ ಟೇಬಲ್ಲಿನ ಕೆಳಗೆ ಬಾಗಿಲಿರುವ ಖಾನೆಯಲ್ಲಿ ಇಟ್ಟಿದ್ದೇನೆ. ಡಿಸೆಂಬರಿನಲ್ಲಿ ವಿಡಿಯೊ ರೆಂಡರ್ ಮಾಡುವಾಗ, ಅಂದರೆ ಎಡಿಟ್ ಮಾಡಿದ್ದನ್ನು ಅಂತಿಮ ವಿಡಿಯೊ ಆಗಿಸುವಾಗ, ಪ್ರೊಸೆಸರ್ 77 ಡಿಗ್ರಿ ತೋರಿಸುತ್ತಿತ್ತು, ಈಗ ಏಪ್ರಿಲಿನಲ್ಲಿ 95 ತೋರಿಸುತ್ತಿದೆ. ಸುಮ್ಮನಿದ್ದಾಗಲೂ 54 ಇರುತ್ತದೆ. ಗ್ರಾಫಿಕ್ಸ್ ಕಾರ್ಡ್ 81, ಅದರ ಹಾಟ್ ಸ್ಪಾಟ್ 94, ಎಸ್‌ಎಸ್‌ಡಿ 68, ಹಾರ್ಡ್ ಡಿಸ್ಕ್ 58. ಆಕ್ಸ್‌ಟಿನ್ ಎಂಬ ಒಂದು ಸಾಲಂತೂ ಹಗಲೂ ರಾತ್ರಿ 127ರಲ್ಲೇ ನಿಂತಿದೆ. ಹದಿನೈದು ದಿನಗಳಲ್ಲಿ ಎರಡು ಸಲ ಮಧ್ಯಾಹ್ನದ ಹೊತ್ತು ತಾನಾಗಿಯೇ ರೀಸ್ಟಾರ್ಟ್ ಆಯಿತು. 70 ದಾಟಿದರೆ ಪ್ರೊಸೆಸರ್ ಸುಟ್ಟುಹೋಗುತ್ತದೆ, ಏಳು ಸಾವಿರ ರೂಪಾಯಿಯ ಲಿಕ್ವಿಡ್ ಕೂಲರ್ ಹಾಕಿಸಿ ಎಂದು ರಿಪೇರಿಯವರು ಹೇಳುತ್ತಾರೆ. ಬೆಂಗಳೂರಿನಲ್ಲಿರುವ ನನ್ನ ಭಾವಮೈದುನನ ಬಳಿಯೂ ಇದೇ ಪ್ರೊಸೆಸರ್ ಇದೆ, ಅದು 75 ದಾಟುವುದೇ ಇಲ್ಲವಂತೆ. ಸದ್ಯಕ್ಕೆ ಖಾನೆಯ ಬಾಗಿಲು ತೆರೆದು, ಕ್ಯಾಬಿನೆಟ್ಟಿನ ಪಕ್ಕದ ತಗಡು ತೆಗೆದು ಟೇಬಲ್ ಫ್ಯಾನ್ ಹಚ್ಚಿದ್ದೇನೆ, 95 ಇದ್ದದ್ದು 84ಕ್ಕೆ ಇಳಿದಿದೆ. ಕೋಣೆಯಲ್ಲಿರುವ ನೀರಿನ ಏರ್ ಕೂಲರನ್ನೇ ಕಂಪ್ಯೂಟರ್ ಕಡೆ ತಿರುಗಿಸಬಹುದೇ? ನಿಜವಾಗಿ ಎಷ್ಟು ಡಿಗ್ರಿಯವರೆಗೆ ಸುರಕ್ಷಿತ?

ಉತ್ತರ: ನೀವು ಬರೆದಿರುವ ಅಂಕಿಗಳಲ್ಲಿ ನಿಮ್ಮನ್ನು ಹೆದರಿಸಿರುವುದು 95 ಮತ್ತು 127. ಪತ್ರ ಓದುವಾಗ ನನ್ನ ಕಣ್ಣು ನಿಂತದ್ದು 58ರ ಮೇಲೆ. ಹಾರ್ಡ್ ಡಿಸ್ಕಿನ ಆ ಸಣ್ಣ ಸಂಖ್ಯೆಯೇ ಈ ಪಟ್ಟಿಯಲ್ಲಿ ಎಲ್ಲಕ್ಕಿಂತ ಅಪಾಯಕ್ಕೆ ಹತ್ತಿರದ್ದು. ಅದು ಏಕೆಂದು ಹೇಳುವ ಮುನ್ನ ಉಳಿದವುಗಳ ಲೆಕ್ಕ ಚುಕ್ತಾ ಮಾಡಿಬಿಡೋಣ.

ಮೊದಲು 127. ಇದು ತಾಪಮಾನವೇ ಅಲ್ಲ. ಮದರ್‌ಬೋರ್ಡಿನ ಮೇಲೆ ಫ್ಯಾನುಗಳ ವೇಗ, ವೋಲ್ಟೇಜ್, ತಾಪಮಾನಗಳನ್ನು ಅಳೆಯುವ ಒಂದು ಪ್ರತ್ಯೇಕ ಚಿಪ್ ಇರುತ್ತದೆ. ಅದಕ್ಕೆ ತಾಪಮಾನದ ಸಂವೇದಕಗಳನ್ನು ಜೋಡಿಸಲು ಐದಾರು ಕಾಲುಗಳಿದ್ದರೂ ಬೋರ್ಡ್ ತಯಾರಕರು ಅವುಗಳಲ್ಲಿ ಎರಡನ್ನೋ ಮೂರನ್ನೋ ಮಾತ್ರ ಬಳಸಿ ಉಳಿದವನ್ನು ಖಾಲಿ ಬಿಡುತ್ತಾರೆ. ಮಾಪನ ತಂತ್ರಾಂಶಕ್ಕೆ ಇದು ತಿಳಿಯದು, ಖಾಲಿ ಕಾಲಿನಿಂದ ಬಂದದ್ದನ್ನೂ ಡಿಗ್ರಿಯೆಂದೇ ಬರೆದುಬಿಡುತ್ತದೆ. ಎಂಟು ಬಿಟ್‌ಗಳಲ್ಲಿ ಧನ ಮತ್ತು ಋಣ ಚಿಹ್ನೆಗಳ ಸಮೇತ ಬರೆಯಬಹುದಾದ ಅತಿ ದೊಡ್ಡ ಸಂಖ್ಯೆ 127 ಆಗಿರುವುದರಿಂದ ಆ ಸಂಖ್ಯೆಯೇ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಕಂಪ್ಯೂಟರ್ ಸುಮ್ಮನಿದ್ದಾಗಲೂ ದುಡಿಯುತ್ತಿರುವಾಗಲೂ ಕದಲದೆ ಒಂದೇ ಕಡೆ ನಿಂತಿರುವ ಸಾಲಿನ ಹಿಂದೆ ಸಂವೇದಕವೇ ಇಲ್ಲವೆಂದು ತಿಳಿಯಿರಿ ಮತ್ತು ಆ ಸಾಲನ್ನು ಪರದೆಯಿಂದ ಮರೆಮಾಡಿ. ಇಂತಹ ಒಂದು ಸಾಲಿನ ಕಾರಣಕ್ಕೆ ಚೆನ್ನಾಗಿದ್ದ ಮದರ್‌ಬೋರ್ಡನ್ನೇ ಬದಲಿಸಿಕೊಂಡು ಬಂದವರನ್ನು ನಾನು ನೋಡಿದ್ದೇನೆ.

ಇನ್ನು 95. ನಿಮ್ಮ ಪ್ರೊಸೆಸರಿಗೆ ಇಂಟೆಲ್ ಗೊತ್ತುಪಡಿಸಿರುವ ಮಿತಿ 100 ಡಿಗ್ರಿ. ಆ ಗಡಿ ತಲುಪಿದ ಕ್ಷಣ ಅದು ಯಾರ ಅಪ್ಪಣೆಗೂ ಕಾಯದೆ ತನ್ನ ವೇಗವನ್ನೂ ವೋಲ್ಟೇಜನ್ನೂ ತಗ್ಗಿಸಿಕೊಳ್ಳುತ್ತದೆ, ಅಷ್ಟಾದರೂ ಬಿಸಿ ಏರುತ್ತಲೇ ಹೋದರೆ ಇಡೀ ಯಂತ್ರವನ್ನು ಆರಿಸಿಬಿಡುತ್ತದೆ. ಹಾಗಾಗಿ 95ರಲ್ಲಿ ಪ್ರೊಸೆಸರ್ ಸುಡುತ್ತಿಲ್ಲ. ಆದರೆ ಅದಕ್ಕೆ ಏರಲು ಇನ್ನು ಐದೇ ಮೆಟ್ಟಿಲು ಉಳಿದಿವೆ, ಮೇ ತಿಂಗಳ ಯಾವುದಾದರೊಂದು ಮಧ್ಯಾಹ್ನ ರೆಂಡರ್ ನಿಧಾನವಾಗುತ್ತದೆ. ಇದು ಕೆಲಸ ತಡವಾಗುವ ತೊಂದರೆಯೇ ಹೊರತು ಪ್ರೊಸೆಸರ್ ಕಳೆದುಕೊಳ್ಳುವ ತೊಂದರೆಯಲ್ಲ. ಎಎಂಡಿಯ ರೈಜ಼ನ್ 7000 ಸರಣಿಯ ಕೆಲವು ಪ್ರೊಸೆಸರುಗಳನ್ನು ಭಾರ ಹೆಚ್ಚಿದಾಗ 95 ಡಿಗ್ರಿಯವರೆಗೆ ತಾವಾಗಿಯೇ ಏರಿ ಅಲ್ಲೇ ನಿಂತು ದುಡಿಯುವಂತೆ ವಿನ್ಯಾಸ ಮಾಡಲಾಗಿದೆ. ಅದೇ ಕಂಪನಿಯ ರೈಜ಼ನ್ 7 5800ಎಕ್ಸ್‌ಗೆ ಮಿತಿ 90. ಅಂದರೆ ಒಂದಕ್ಕೆ ಸಹಜವಾದ ಅಂಕಿ ಇನ್ನೊಂದರಲ್ಲಿ ಗಡಿ ದಾಟಿದ ಅಂಕಿ. ಎಲ್ಲ ಕಂಪ್ಯೂಟರುಗಳಿಗೂ ಹೊಂದುವ ಒಂದು ಸುರಕ್ಷಿತ ತಾಪಮಾನವನ್ನು ಹೇಳಿ ಎಂದು ಕೇಳಿದರೆ ನಾನು ಹೇಳದಿರುವುದು ಈ ಕಾರಣಕ್ಕೆ.

ಹಾಗಾದರೆ 70ರ ಮಾತು ಎಲ್ಲಿಂದ ಬಂತು? ನಿಮ್ಮ ರಿಪೇರಿಯವರನ್ನು ನಾನು ದೂರುವುದಿಲ್ಲ, ಆ ಮಾತಿಗೆ ಒಂದು ಕಾಲದಲ್ಲಿ ಆಧಾರವಿತ್ತು. ಎಎಂಡಿಯ ಫೆನಮ್ 2 ಎಕ್ಸ್4 955ಕ್ಕೆ ಕಂಪನಿಯೇ ಕೊಟ್ಟಿದ್ದ ಮಿತಿ 62 ಡಿಗ್ರಿ. ಇಂಟೆಲ್ ಕೂಡ ನಾಲ್ಕನೆಯ ತಲೆಮಾರಿನ ಐ5-4590ರಂತಹ ಪ್ರೊಸೆಸರುಗಳ ವಿವರಪಟ್ಟಿಯಲ್ಲಿ 72.72 ಎಂದು ಮುದ್ರಿಸುತ್ತಿತ್ತು. ಆದರೆ ಆ 72.72 ಪ್ರೊಸೆಸರಿನ ಮೇಲಿರುವ ಲೋಹದ ಮುಚ್ಚಳದ ತಾಪಮಾನ. ತಂತ್ರಾಂಶ ತೋರಿಸುವುದು ಒಳಗಿನ ಸಿಲಿಕಾನಿನದು, ಅದರ ಮಿತಿ ಆಗಲೂ 100ರ ಆಸುಪಾಸಿನಲ್ಲೇ ಇತ್ತು. ಮುಚ್ಚಳದ ಅಂಕಿಯನ್ನು ಒಳಗಿನ ಅಂಕಿಯ ಪಕ್ಕದಲ್ಲಿಟ್ಟು ಹೋಲಿಸಿ ಒಂದಿಡೀ ತಲೆಮಾರಿನ ತಂತ್ರಜ್ಞರು ಗಾಬರಿಯಾದರು, ನಾನೂ ಅವರಲ್ಲಿ ಒಬ್ಬ. ಅದಕ್ಕೂ ಹಿಂದೆ, 2001ರಲ್ಲಿ, ಟಾಮ್ಸ್ ಹಾರ್ಡ್‌ವೇರ್ ಎಂಬ ಜಾಲತಾಣ ಓಡುತ್ತಿರುವ ಕಂಪ್ಯೂಟರುಗಳ ಹೀಟ್‌ಸಿಂಕನ್ನು, ಅಂದರೆ ಪ್ರೊಸೆಸರಿನ ಬಿಸಿ ಹೀರುವ ಲೋಹದ ರೆಕ್ಕೆಗಳ ತುಂಡನ್ನು, ಕಿತ್ತು ತೋರಿಸುವ ವಿಡಿಯೊವೊಂದನ್ನು ಹೊರತಂದಿತು. ಅದರಲ್ಲಿ ಇಂಟೆಲ್‌ನ ಪೆಂಟಿಯಂ 4 ಕುಂಟುತ್ತಲಾದರೂ ನಡೆಯಿತು, ಎಎಂಡಿಯ ಅಥ್ಲಾನ್ ಸುಟ್ಟುಹೋಯಿತು. ಪ್ರೊಸೆಸರ್ ಸುಡುತ್ತದೆ ಎಂಬ ಭಯ ಜನರ ಮನಸ್ಸಿನಲ್ಲಿ ಬೇರೂರಿದ್ದು ಇಂತಹ ದೃಶ್ಯಗಳಿಂದ. ಆ ಭಯ ಉಳಿದುಕೊಂಡಿತು, ಪ್ರೊಸೆಸರುಗಳು ಮಾತ್ರ ಬದಲಾದವು.

ಡಿಸೆಂಬರಿನ 77 ಏಪ್ರಿಲಿನಲ್ಲಿ 95 ಆದದ್ದು ಕಂಪ್ಯೂಟರ್ ಹಾಳಾಗುತ್ತಿರುವ ಲಕ್ಷಣವೇ ಎಂಬುದು ನಿಮ್ಮ ಪತ್ರದ ಸಾಲುಗಳ ನಡುವೆ ಇರುವ ಇನ್ನೊಂದು ಪ್ರಶ್ನೆ. ಗಾಳಿಯಿಂದ ತಣಿಯುವ ಯಾವ ಭಾಗವೂ ತನ್ನ ಬಳಿಗೆ ಬರುವ ಗಾಳಿಗಿಂತ ತಣ್ಣಗಾಗಲಾರದು. ಅದು ಮಾಡುತ್ತಿರುವ ಕೆಲಸಕ್ಕೆ ತಕ್ಕಷ್ಟು ಡಿಗ್ರಿಗಳು ಆ ಗಾಳಿಯ ತಾಪಮಾನದ ಮೇಲೆ ಸೇರುತ್ತವೆ. ಗಾಳಿ 28 ಇದ್ದು ಪ್ರೊಸೆಸರ್ 77 ತೋರಿಸಿದರೆ ಸೇರಿದ್ದು 49. ಅದೇ ಕೆಲಸವನ್ನು 40 ಡಿಗ್ರಿಯ ಕೋಣೆಯಲ್ಲಿ ಮಾಡಿಸಿದರೆ ತಾನಾಗಿಯೇ 89 ಆಗುತ್ತದೆ. ಬಿಸಿಯಾದಷ್ಟೂ ಸಿಲಿಕಾನಿನಲ್ಲಿ ವಿದ್ಯುತ್ ಸೋರಿಕೆ ಹೆಚ್ಚುವುದರಿಂದ ಇನ್ನೊಂದೆರಡು ಡಿಗ್ರಿ ಸೇರಬಹುದು. ರಾಯಚೂರು ಜಿಲ್ಲೆಯ ಏಪ್ರಿಲಿನಲ್ಲಿ ಕೋಣೆಯೊಳಗೆ 40 ಇರುವುದು ಅಚ್ಚರಿಯಲ್ಲ. ನಿಮ್ಮ ಭಾವಮೈದುನನ ಕಂಪ್ಯೂಟರನ್ನು ನಾಳೆಯೇ ಸಿಂಧನೂರಿಗೆ ತಂದಿಟ್ಟರೆ ಅದೂ 85ರ ಸುತ್ತ ತೋರಿಸುತ್ತದೆ. ಆದ್ದರಿಂದ ನಿಮ್ಮ 18 ಡಿಗ್ರಿಯ ಏರಿಕೆಯಲ್ಲಿ ಹೆಚ್ಚು ಪಾಲು ಹವಾಮಾನದ್ದು. ಉಳಿದ ನಾಲ್ಕಾರು ಡಿಗ್ರಿ ಧೂಳಿನದ್ದು ಮತ್ತು ಆ ಮುಚ್ಚಿದ ಖಾನೆಯದ್ದು.

ಸುಮ್ಮನಿದ್ದಾಗಿನ 54ರ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಇಂಟೆಲ್ ಪ್ರೊಸೆಸರಿನ ಸಂವೇದಕವು ಮಿತಿಗೆ ಇನ್ನೆಷ್ಟು ಡಿಗ್ರಿ ಬಾಕಿ ಇದೆ ಎಂಬುದನ್ನು ತಿಳಿಸುತ್ತದೆ, ತಂತ್ರಾಂಶ ಅದನ್ನು 100ರಿಂದ ಕಳೆದು ನಮಗೆ ತೋರಿಸುತ್ತದೆ. ಮಿತಿಯ ಹತ್ತಿರ ಈ ಅಳತೆ ಕರಾರುವಾಕ್ಕಾಗಿರುತ್ತದೆ, ಕೆಳಗಿಳಿದಂತೆ ಸಡಿಲವಾಗುತ್ತದೆ. ಸುಮ್ಮನಿರುವ ಎರಡು ಕಂಪ್ಯೂಟರುಗಳ ಅಂಕಿಗಳನ್ನು ಹೋಲಿಸಿ ಜಗಳವಾಡುವುದರಲ್ಲಿ ಹುರುಳಿಲ್ಲ.

ಗ್ರಾಫಿಕ್ಸ್ ಕಾರ್ಡಿನದು ಸಹಜ ಸ್ಥಿತಿ. ಆರ್‌ಟಿಎಕ್ಸ್ 3060ರ ಮಿತಿ 93, ಮತ್ತು ಆ ಮಿತಿಯನ್ನು ಹೋಲಿಸಬೇಕಾದದ್ದು 81ರೊಂದಿಗೆ, ಹಾಟ್ ಸ್ಪಾಟಿನ 94ರೊಂದಿಗಲ್ಲ. ಹಾಟ್ ಸ್ಪಾಟ್ ಎಂದರೆ ಚಿಪ್ಪಿನ ಅತಿ ಬಿಸಿಯ ಬಿಂದು, ಅದು ಹತ್ತು ಹದಿನೈದು ಡಿಗ್ರಿ ಮುಂದಿರುವುದು ಸಾಮಾನ್ಯ. ಈ ಅಂತರ ಮುಂದೆ 25 ದಾಟಿದರೆ ಚಿಪ್ಪಿನ ಬಿಸಿಯನ್ನು ಹೀಟ್‌ಸಿಂಕಿಗೆ ದಾಟಿಸಲು ನಡುವೆ ಹಚ್ಚಿರುವ ಪೇಸ್ಟ್ ಒಣಗಿದೆಯೆಂದು ಅನುಮಾನಿಸಬಹುದು. ಎಸ್‌ಎಸ್‌ಡಿಯ 68 ಅಂಚಿನಲ್ಲಿದೆ, ಬಹಳಷ್ಟು ಎನ್‌ವಿಎಂಇ ಎಸ್‌ಎಸ್‌ಡಿಗಳ ವಿವರಪಟ್ಟಿಯಲ್ಲಿ ಮಿತಿ 70 ಎಂದಿರುತ್ತದೆ. ಅದು ಗ್ರಾಫಿಕ್ಸ್ ಕಾರ್ಡಿನ ಬಿಸಿ ಉಸಿರಿನ ದಾರಿಯಲ್ಲಿ ಕುಳಿತಿರುವ ಸಂಭವ ಹೆಚ್ಚು. ಬೋರ್ಡಿನೊಂದಿಗೆ ಹೀಟ್‌ಸಿಂಕ್ ಬಂದಿಲ್ಲದಿದ್ದರೆ ಮುನ್ನೂರು ನಾನೂರು ರೂಪಾಯಿಯ ಅಲ್ಯೂಮಿನಿಯಂ ಪಟ್ಟಿಯೊಂದನ್ನು ಹಾಕಿಸಿ, ಆದರೆ ಎಸ್‌ಎಸ್‌ಡಿಯ ಮೇಲಿನ ಚೀಟಿಯನ್ನು ಕೀಳಿಸಬೇಡಿ, ವಾರಂಟಿ ಹೋಗುತ್ತದೆ.

ಈಗ ಹಾರ್ಡ್ ಡಿಸ್ಕಿಗೆ ಬರೋಣ. ಸಾಮಾನ್ಯ ಡೆಸ್ಕ್‌ಟಾಪ್ ಡಿಸ್ಕುಗಳ ಮೇಲ್ಮಿತಿ 60 ಡಿಗ್ರಿ, ನಿಮ್ಮದು 58. ಪ್ರೊಸೆಸರಿಗೂ ಡಿಸ್ಕಿಗೂ ಇರುವ ದೊಡ್ಡ ವ್ಯತ್ಯಾಸವನ್ನು ಗಮನಿಸಿ. ಬಿಸಿಯಾದಾಗ ವೇಗ ತಗ್ಗಿಸಿಕೊಂಡು ಉಳಿದುಕೊಳ್ಳುವ ವಿದ್ಯೆ ಪ್ರೊಸೆಸರಿಗೆ ಗೊತ್ತು. ಹಾರ್ಡ್ ಡಿಸ್ಕು ತನ್ನ ಬಿಸಿಯನ್ನು ಒಂದು ಸಂಖ್ಯೆಯಾಗಿ ಬರೆದಿಟ್ಟುಕೊಂಡು ಅದೇ ವೇಗದಲ್ಲಿ ತಿರುಗುತ್ತಲೇ ಇರುತ್ತದೆ. ಒಳಗೆ ತಿರುಗುವ ತಟ್ಟೆಯ ಮೇಲೆ ನ್ಯಾನೊಮೀಟರುಗಳ ಅಂತರದಲ್ಲಿ ತೇಲುವ ಓದುತಲೆ, ತಿರುಗಣಿಯ ಬೇರಿಂಗಿನಲ್ಲಿರುವ ಎಣ್ಣೆ, ಇವು ಸದ್ದಿಲ್ಲದೆ ಸವೆಯುತ್ತವೆ. 2007ರಲ್ಲಿ ಗೂಗಲ್‌ನವರು ತಮ್ಮ ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕುಗಳ ಅಧ್ಯಯನವನ್ನು ಪ್ರಕಟಿಸಿದರು. ಮಧ್ಯಮ ತಾಪಮಾನಗಳಲ್ಲಿ ಬಿಸಿಗೂ ಡಿಸ್ಕು ಕೆಡುವುದಕ್ಕೂ ಎಲ್ಲರೂ ನಂಬಿದ್ದಷ್ಟು ನಂಟಿಲ್ಲ ಎಂಬುದು ಅದರಲ್ಲಿ ಹೆಸರು ಮಾಡಿದ ಮಾತು. ಆದರೆ ಅದೇ ವರದಿಯಲ್ಲಿ ಅಷ್ಟಾಗಿ ಯಾರೂ ಎತ್ತಿ ಹೇಳದ ಇನ್ನೊಂದು ಸಂಗತಿ ಇದೆ: ಮೂರು ವರ್ಷ ಮತ್ತು ಅದಕ್ಕೂ ಹಳೆಯ ಡಿಸ್ಕುಗಳಲ್ಲಿ ಅತಿ ಹೆಚ್ಚು ಬಿಸಿಯಿದ್ದವು ಹೆಚ್ಚು ಕೆಟ್ಟಿದ್ದವು. ನಿಮ್ಮ ಡಿಸ್ಕಿಗೆ ವಯಸ್ಸೂ ಆಗಿದೆ, ಬಿಸಿಯೂ ಇದೆ.

ಕೆಲವು ವರ್ಷಗಳ ಹಿಂದೆ ಇಂತಹದ್ದೇ ಸ್ಟುಡಿಯೊದ ಕ್ಯಾಬಿನೆಟ್ಟೊಂದು ನನ್ನ ಮೇಜಿಗೆ ಬಂದಿತ್ತು. ದೂರು ಇದ್ದದ್ದು ಫ್ಯಾನಿನ ಸದ್ದಿನ ಬಗ್ಗೆ. ಕೂಲರ್ ಬಿಚ್ಚಿದಾಗ ಫ್ಯಾನಿಗೂ ಅಲ್ಯೂಮಿನಿಯಂ ರೆಕ್ಕೆಗಳಿಗೂ ನಡುವೆ ಧೂಳು ಕಂಬಳಿಯ ತುಂಡಿನಂತೆ ಗಟ್ಟಿಯಾಗಿ ಕೂತಿತ್ತು, ಚಿಮಟಿಗೆಯಿಂದ ಒಂದೇ ಹಾಳೆಯಾಗಿ ಎತ್ತಿದೆ. ಅದನ್ನು ತೆಗೆದು, ಪೇಸ್ಟ್ ಬದಲಿಸಿ, ಪ್ರೊಸೆಸರ್ ಹದಿನಾಲ್ಕು ಡಿಗ್ರಿ ಇಳಿದದ್ದನ್ನು ಹೆಮ್ಮೆಯಿಂದ ತೋರಿಸಿ ಕಳುಹಿಸಿದೆ. ಕೆಳಗಿನ ಗೂಡಿನಲ್ಲಿ ಒಂದರ ಮೇಲೊಂದು ಒತ್ತಿ ಕೂರಿಸಿದ್ದ ಎರಡು ಡಿಸ್ಕುಗಳಲ್ಲಿ ಮೇಲಿನದು ಬೆರಳಿಟ್ಟು ಐದು ಎಣಿಸಲಾಗದಷ್ಟು ಬಿಸಿಯಿತ್ತು. ಅದನ್ನು ಮುಟ್ಟಿಯೂ ನೋಡಿದ್ದೆ, ಆದರೆ ಏನೂ ಹೇಳಲಿಲ್ಲ. ಎರಡು ತಿಂಗಳಲ್ಲಿ ಅದು ಟಕ್ ಟಕ್ ಎನ್ನತೊಡಗಿತು. ಒಂದು ಮದುವೆಯ ಇಡೀ ಧಾರೆಯ ಚಿತ್ರಗಳು ಹೋದವು. ಅಂದಿನಿಂದ ನಾನು ಕ್ಯಾಬಿನೆಟ್ ತೆರೆದರೆ ಮೊದಲು ನೋಡುವುದು ಡಿಸ್ಕನ್ನು.

ನೀವೂ ನೋಡಿ. ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ಉಚಿತ ತಂತ್ರಾಂಶ ಡಿಸ್ಕು ತನ್ನ ಬಗ್ಗೆ ತಾನೇ ಬರೆದಿಟ್ಟುಕೊಂಡ ದಾಖಲೆಯನ್ನು ತೋರಿಸುತ್ತದೆ. ಅದರಲ್ಲಿ 05, ಸಿ5, ಸಿ6 ಎಂಬ ಮೂರು ಸಾಲುಗಳ ಕೊನೆಯ ಅಂಕಣ ಸೊನ್ನೆಯಾಗಿರಬೇಕು. 05ರಲ್ಲಿ ಸೊನ್ನೆಯಲ್ಲದ ಸಂಖ್ಯೆ ಇದ್ದರೆ ಡಿಸ್ಕಿನ ಕೆಲವು ಜಾಗಗಳು ಈಗಾಗಲೇ ಕೆಟ್ಟು ಬದಲಿ ಜಾಗ ಬಳಕೆಯಾಗಿದೆ ಎಂದರ್ಥ. ಸಿ5ರಲ್ಲಿದ್ದರೆ ಓದಲಾಗದೆ ತೀರ್ಮಾನಕ್ಕಾಗಿ ಕಾದಿರುವ ಜಾಗಗಳಿವೆ ಎಂದರ್ಥ. ಆ ಅಂಕಣ ಹದಿನಾರರ ಲೆಕ್ಕದಲ್ಲಿ ಇರುವುದರಿಂದ ಅಕ್ಷರಗಳು ಬೆರೆತ ಉದ್ದನೆಯ ಸಂಖ್ಯೆಗಳು ಕಂಡು ಗಾಬರಿಯಾಗಬಹುದು. ಬೇರೆ ಸಾಲುಗಳಲ್ಲಿ ಅವು ಸಹಜ, ಈ ಮೂರು ಸಾಲುಗಳಷ್ಟೇ ಸದ್ಯ ನಿಮಗೆ ಬೇಕಾದವು.

ತಾನಾಗಿಯೇ ಆಗುವ ರೀಸ್ಟಾರ್ಟ್ ಬೇರೆಯದೇ ಕಥೆ ಎಂದು ನನ್ನ ಅನಿಸಿಕೆ. ಪ್ರೊಸೆಸರಿನ ಬಿಸಿ ಮಿತಿಮೀರಿದರೆ ಯಂತ್ರ ಮೊದಲು ನಿಧಾನವಾಗಬೇಕು, ಆಮೇಲೆ ಪೂರ್ತಿ ಆರಬೇಕು. 95ರಲ್ಲಿ ಮಿತಿಯನ್ನೇ ಮುಟ್ಟದೆ ಥಟ್ಟನೆ ಮತ್ತೆ ಶುರುವಾಗಲು ಅದಕ್ಕೆ ಕಾರಣವಿಲ್ಲ. ನನ್ನ ಅನುಮಾನವಿರುವುದು ಯುಪಿಎಸ್ ಮೇಲೆ. 600 ವಿಎ ಎಂದರೆ 600 ವಾಟ್ ಅಲ್ಲ, ಈ ದರ್ಜೆಯ ಬಹಳಷ್ಟು ಯುಪಿಎಸ್‌ಗಳು ಕೊಡುವುದು 360 ವಾಟ್. ನಿಮ್ಮ ಗ್ರಾಫಿಕ್ಸ್ ಕಾರ್ಡ್ ಒಂದೇ 170 ವಾಟ್‌ವರೆಗೆ ಎಳೆಯಬಲ್ಲುದು. ಪ್ರೊಸೆಸರ್, ಡಿಸ್ಕು, ಮಾನಿಟರ್, ಕ್ಯಾಬಿನೆಟ್ಟಿನೊಳಗೆ ಎಲ್ಲ ಭಾಗಗಳಿಗೂ ವಿದ್ಯುತ್ ಹಂಚುವ ಎಸ್‌ಎಂಪಿಎಸ್‌ನಲ್ಲಿ ವ್ಯರ್ಥವಾಗುವ ಪಾಲು ಎಲ್ಲ ಸೇರಿದರೆ ರೆಂಡರಿನ ಹೊತ್ತಿಗೆ 300ರ ಆಚೀಚೆ ಆಗುತ್ತದೆ. ಯುಪಿಎಸ್ ಒಳಗಿನ ಸೀಸದ ಬ್ಯಾಟರಿಗೆ ಒಗ್ಗುವುದು 25 ಡಿಗ್ರಿ, ಅದಕ್ಕಿಂತ ಪ್ರತಿ ಎಂಟು ಹತ್ತು ಡಿಗ್ರಿ ಹೆಚ್ಚಿದಂತೆ ಅದರ ಆಯಸ್ಸು ಸುಮಾರು ಅರ್ಧಕ್ಕೆ ಇಳಿಯುತ್ತದೆ. ನೀವು ಅದನ್ನು ಬಿಸಿ ಕ್ಯಾಬಿನೆಟ್ಟಿನ ಪಕ್ಕದಲ್ಲಿ, ಮುಚ್ಚಿದ ಖಾನೆಯಲ್ಲಿ, ಮೂರು ಬೇಸಿಗೆ ಕಳೆಯಲು ಬಿಟ್ಟಿದ್ದೀರಿ. ಮಧ್ಯಾಹ್ನ ಪಂಪ್‌ಸೆಟ್‌ಗಳು ಓಡುವ ಹೊತ್ತಿಗೆ ವೋಲ್ಟೇಜ್ ಇಳಿದು, ಯುಪಿಎಸ್ ಬ್ಯಾಟರಿಗೆ ಜಿಗಿದು, ಬ್ಯಾಟರಿ ಆ ಭಾರವನ್ನು ಅರೆಕ್ಷಣವೂ ಹೊರಲಾರದೆ ಕೈಬಿಟ್ಟರೆ ನೀವು ಬರೆದಂತೆಯೇ ಆಗುತ್ತದೆ.

ಪರೀಕ್ಷೆ ಸುಲಭ. ಕಂಪ್ಯೂಟರನ್ನು ಆರಿಸಿ, ಯುಪಿಎಸ್‌ಗೆ ಅದರ ಬದಲು ಹಳೆಯ ಕಾಲದ 100 ವಾಟ್ ಬಲ್ಬುಗಳು ಎರಡನ್ನು ಹಚ್ಚಿ, ಗೋಡೆಯ ಸ್ವಿಚ್ ಆರಿಸಿ. ಬಲ್ಬು ಕೆಲವು ನಿಮಿಷವಾದರೂ ಉರಿಯಬೇಕು. ಕಣ್ಣು ಮಿಟುಕಿಸಿ ಆರಿಹೋದರೆ ಬ್ಯಾಟರಿ ಸತ್ತಿದೆ. ವಿಂಡೋಸ್‌ನ ಈವೆಂಟ್ ವ್ಯೂವರ್‌ನಲ್ಲಿ ಕರ್ನಲ್-ಪವರ್ 41 ಎಂಬ ದಾಖಲೆ ಸಿಕ್ಕರೆ ಅದು ಕಾರಣವನ್ನು ಹೇಳುವುದಿಲ್ಲ, ಯಂತ್ರ ಸರಿಯಾಗಿ ಶಟ್‌ಡೌನ್ ಆಗದೆ ನಿಂತಿತ್ತು ಎಂದಷ್ಟೇ ಹೇಳುತ್ತದೆ. ಆದರೆ ಅಲ್ಲಿರುವ ಗಂಟೆ ನಿಮಿಷಗಳನ್ನು ಬರೆದುಕೊಂಡು, ಆ ಹೊತ್ತಿಗೆ ಕರೆಂಟು ಹೋಗಿತ್ತೇ ಎಂದು ಪಕ್ಕದ ಅಂಗಡಿಯವರನ್ನು ಕೇಳಬಹುದು. ಯುಪಿಎಸ್ ಸರಿಯಿದ್ದರೆ ಮುಂದಿನ ಅನುಮಾನ ಎಸ್‌ಎಂಪಿಎಸ್ ಮೇಲೆ. ಅದರ ಡಬ್ಬಿಯ ಮೇಲೆ ಬರೆದಿರುವ 80 ಪ್ಲಸ್ ಎಂಬ ದಕ್ಷತೆಯ ಪರೀಕ್ಷೆ ನಡೆಯುವುದು 23 ಡಿಗ್ರಿ ಸುತ್ತಮುತ್ತ, ನಿಮ್ಮ ಖಾನೆಯ ಲೋಕವೇ ಬೇರೆ. ಹತ್ತು ಡಿಗ್ರಿ ಹೆಚ್ಚಿದರೆ ಆಯಸ್ಸು ಅರ್ಧ ಎಂದು ಜನ ಇಡೀ ಕಂಪ್ಯೂಟರಿಗೆ ಅನ್ವಯಿಸುವ ಮಾತು ನಿಜವಾಗಿ ಹೊಂದುವುದು ಎಸ್‌ಎಂಪಿಎಸ್‌ನೊಳಗಿನ ಎಲೆಕ್ಟ್ರೊಲಿಟಿಕ್ ಕೆಪಾಸಿಟರುಗಳಿಗೆ.

ಇಷ್ಟೆಲ್ಲಕ್ಕೂ ಮೂಲ ಆ ಖಾನೆ. ಕಂಪ್ಯೂಟರ್ ತೆಗೆದುಕೊಂಡ ವಿದ್ಯುತ್ತೆಲ್ಲ ಕೊನೆಗೆ ಬಿಸಿಯಾಗಿಯೇ ಹೊರಬರುತ್ತದೆ. ರೆಂಡರ್ ಮಾಡುವಾಗ ನಿಮ್ಮ ಟೇಬಲ್ಲಿನೊಳಗೆ ಮೂರು 100 ವಾಟ್ ಬಲ್ಬು ಉರಿಸಿ ಬಾಗಿಲು ಹಾಕಿದಂತೆ ಲೆಕ್ಕ. ಹೊರಗೆ ತಳ್ಳಿದ ಬಿಸಿ ಗಾಳಿಯನ್ನೇ ಕ್ಯಾಬಿನೆಟ್ ಮತ್ತೆ ಉಸಿರಾಡುತ್ತದೆ. ಮೆಡಿಕಲ್ ಅಂಗಡಿಯಲ್ಲೋ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲೋ ಸಿಗುವ ಇನ್ನೂರು ರೂಪಾಯಿಯ ಕೋಣೆ ಥರ್ಮಾಮೀಟರ್ ತಂದು, ಬಾಗಿಲು ಮುಚ್ಚಿ, ಕ್ಯಾಬಿನೆಟ್ಟಿನ ಮುಂದಿನ ಫ್ಯಾನಿನ ಎದುರಿಗಿಟ್ಟು ಅರ್ಧ ಗಂಟೆ ರೆಂಡರ್ ಮಾಡಿ ನೋಡಿ. ಕೋಣೆಯ ಗೋಡೆಯ ಮೇಲೆ 40 ಇದ್ದರೆ ಅಲ್ಲಿ 46 ಇದ್ದರೂ ನನಗೆ ಆಶ್ಚರ್ಯವಾಗುವುದಿಲ್ಲ. ಬಾಗಿಲು ತೆರೆದು ಫ್ಯಾನ್ ಹಚ್ಚಿದಾಗ ನಿಮಗೆ 11 ಡಿಗ್ರಿ ಇಳಿಯಿತಲ್ಲ, ಅದೂ ಇದೇ ರೋಗನಿರ್ಣಯ. ಹಾಗೆ ತೆರೆದಾಗ ಒಂದೆರಡೇ ಡಿಗ್ರಿ ಇಳಿದಿದ್ದರೆ ದೋಷ ಪೇಸ್ಟಿನಲ್ಲೋ ಕೂಲರ್ ಕೂರಿಸಿದ್ದರಲ್ಲೋ ಇದೆ ಎನ್ನುತ್ತಿದ್ದೆ. ಹತ್ತರ ಮೇಲೆ ಇಳಿದರೆ ಗಾಳಿಗೆ ದಾರಿಯಿಲ್ಲ ಎಂದೇ ಅರ್ಥ.

ಹೀಗಾಗಿ ಮೊದಲ ಮದ್ದಿಗೆ ಖರ್ಚಿಲ್ಲ. ಕ್ಯಾಬಿನೆಟ್ಟನ್ನು ಖಾನೆಯಿಂದ ಹೊರತೆಗೆದು, ನೆಲದಿಂದ ಒಂದಡಿ ಎತ್ತರದ ಸ್ಟೂಲಿನ ಮೇಲೆ, ಹಿಂಭಾಗ ಗೋಡೆಯಿಂದ ಗೇಣು ದೂರ ಇರುವಂತೆ ಇಡಿ. ಯುಪಿಎಸ್ ಬೇರೆ ಕಡೆ ಇರಲಿ. ಧೂಳು ಹೆಚ್ಚು ಬರುತ್ತದೆ ಎಂಬ ನಿಮ್ಮ ಅಂಜಿಕೆ ಸುಳ್ಳಲ್ಲ, ಆದರೆ ಧೂಳನ್ನು ಎರಡು ತಿಂಗಳಿಗೊಮ್ಮೆ ತೆಗೆಯಬಹುದು. ಸ್ವಚ್ಛ ಮಾಡುವಾಗ ಪ್ಲಗ್ ಕಿತ್ತು, ಕ್ಯಾಬಿನೆಟ್ಟನ್ನು ಅಂಗಳಕ್ಕೆ ಒಯ್ದು ಬ್ಲೋವರ್ ಹಿಡಿಯಿರಿ. ಗಾಳಿ ಬಿಡುವಾಗ ಪ್ರತಿ ಫ್ಯಾನನ್ನೂ ಬೆರಳಿನಿಂದ ತಡೆದಿರಬೇಕು, ಇಲ್ಲವಾದರೆ ಅದು ಮಿತಿಮೀರಿದ ವೇಗದಲ್ಲಿ ತಿರುಗಿ ಬೇರಿಂಗ್ ಹಾಳಾಗುತ್ತದೆ. ಪಕ್ಕದ ತಗಡು ತೆಗೆದು ಟೇಬಲ್ ಫ್ಯಾನ್ ಹಚ್ಚುವುದು ಈ ವಾರದ ಮಟ್ಟಿಗೆ ತಪ್ಪಲ್ಲ. ಅದನ್ನೇ ಕಾಯಂ ಮಾಡಿಕೊಂಡರೆ ಧೂಳಿನ ಜೊತೆಗೆ ಹಲ್ಲಿಯೂ ಒಳಗೆ ಹೋಗುತ್ತದೆ. ಎಸ್‌ಎಂಪಿಎಸ್‌ನ ಪಕ್ಕ ಬೆಚ್ಚಗೆ ಮಲಗಲು ಹೋದ ಹಲ್ಲಿಯಿಂದ ಸುಟ್ಟ ಬೋರ್ಡುಗಳು ನನ್ನ ಗೋದಾಮಿನಲ್ಲಿ ಎರಡಿವೆ.

ಹಾರ್ಡ್ ಡಿಸ್ಕನ್ನು ಮುಂದಿನ ಫ್ಯಾನಿನ ನೇರಕ್ಕೆ ಇರುವ ಗೂಡಿಗೆ ಸ್ಥಳಾಂತರಿಸಿ. ಅಲ್ಲಿ ಫ್ಯಾನೇ ಇಲ್ಲದಿದ್ದರೆ ನಾನೂರು ಐನೂರು ರೂಪಾಯಿಯ 120 ಮಿಲಿಮೀಟರಿನ ಒಂದು ಫ್ಯಾನ್ ಹಾಕಿಸಿ. ಡಿಸ್ಕಿನ ಮೇಲೆ ಮೆಲ್ಲಗೆ ಗಾಳಿ ಹಾದರೂ ಸಾಕು, ಹತ್ತು ಡಿಗ್ರಿಯವರೆಗೆ ಇಳಿಯುವುದನ್ನು ನಾನು ಕಂಡಿದ್ದೇನೆ. ಬೇಸಿಗೆಯಲ್ಲೂ 50ರ ಒಳಗೆ ಇರುವಂತೆ ನೋಡಿಕೊಳ್ಳಿ.

ಇದಾದ ಮೇಲೂ ಪ್ರೊಸೆಸರ್ 90ರ ಮೇಲೇ ಇದ್ದರೆ ಎರಡು ದಾರಿಗಳಿವೆ. ಒಂದು, ಬಯೋಸ್‌ನಲ್ಲಿ, ಅಂದರೆ ಮದರ್‌ಬೋರ್ಡಿನ ಮೂಲ ಸೆಟ್ಟಿಂಗ್ ಪರದೆಯಲ್ಲಿ, ಪ್ರೊಸೆಸರಿನ ವಿದ್ಯುತ್ ಮಿತಿಯನ್ನು 65 ವಾಟ್‌ಗೆ ಕಟ್ಟಿಹಾಕುವುದು. ಅದು ಇಂಟೆಲ್ ಹೇಳಿದ ಮೂಲ ಅಂಕಿಯೇ. ಅಲ್ಪಾವಧಿಗೆ 117 ವಾಟ್‌ವರೆಗೆ ಹೋಗಲು ಇಂಟೆಲ್ ಅವಕಾಶ ಕೊಟ್ಟಿದೆ, ಕೆಲವು ಬೋರ್ಡುಗಳು ಆ ಅಲ್ಪಾವಧಿಯನ್ನು ಮುಗಿಯದ ಅವಧಿಯಾಗಿಸಿಬಿಡುತ್ತವೆ. ಇದರಿಂದ ರೆಂಡರ್ ಸ್ವಲ್ಪ ತಡವಾಗಬಹುದು, ಬೇರೆ ಅಪಾಯವಿಲ್ಲ. ಇನ್ನೊಂದು, ಹೊಸ ಪೇಸ್ಟಿನೊಂದಿಗೆ 120 ಮಿಲಿಮೀಟರ್ ಫ್ಯಾನಿನ ಟವರ್ ಕೂಲರ್ ಹಾಕಿಸುವುದು, ಎರಡು ಸಾವಿರ ರೂಪಾಯಿಯ ಸುತ್ತಮುತ್ತ ಆಗುತ್ತದೆ. ಕೊಳ್ಳುವ ಮೊದಲು ಅದು ನಿಮ್ಮ ಪ್ರೊಸೆಸರ್ ಕೂರುವ ಎಲ್‌ಜಿಎ 1700 ಸಾಕೆಟ್ಟಿಗೆ ಹೊಂದುತ್ತದೆಯೇ, ನಿಮ್ಮ ಕ್ಯಾಬಿನೆಟ್ಟಿನ ಅಗಲದೊಳಗೆ ಅದರ ಎತ್ತರ ಹಿಡಿಯುತ್ತದೆಯೇ ಎಂದು ಅಳೆದುಕೊಳ್ಳಿ. ಈ ಕೆಲಸದಲ್ಲಿ ಅಪಾಯವಿರುವುದು ಕೈಯಲ್ಲಿ. ಇಂಟೆಲ್‌ನ ಡಬ್ಬಿ ಕೂಲರನ್ನು ಹಿಡಿಯುವ ನಾಲ್ಕು ಪ್ಲಾಸ್ಟಿಕ್ ಗೂಟಗಳಲ್ಲಿ ಒಂದು ಪೂರ್ತಿ ಇಳಿಯದೆ ಓರೆಯಾಗಿ ನಿಂತರೂ ಹದಿನೈದು ಇಪ್ಪತ್ತು ಡಿಗ್ರಿ ಹೆಚ್ಚಾಗುತ್ತದೆ, ನಿಮ್ಮಲ್ಲಿಯೂ ಹಾಗಾಗಿದೆಯೇ ಎಂದು ಮೊದಲು ಒತ್ತಿ ನೋಡಿಸಿ. ಹಳೆಯ ಕೂಲರ್ ತೆಗೆಯುವಾಗ ಸ್ವಲ್ಪ ಹೊತ್ತು ಯಂತ್ರ ಓಡಿಸಿ, ಆರಿಸಿ, ಪೇಸ್ಟ್ ಮೆತ್ತಗಿರುವಾಗಲೇ ಎಡಕ್ಕೂ ಬಲಕ್ಕೂ ತಿರುಚಿ ಬಿಡಿಸಬೇಕು.

ಲಿಕ್ವಿಡ್ ಕೂಲರ್ ನಿಮಗೆ ಬೇಡ. ಹೆಸರು ಕೇಳಿದರೆ ನೀರು ತಂಪು ತರುತ್ತದೆ ಎನಿಸುತ್ತದೆ, ಅದು ಮಾಡುವುದು ಬಿಸಿಯನ್ನು ಪ್ರೊಸೆಸರಿನಿಂದ ರೇಡಿಯೇಟರಿಗೆ ಒಯ್ಯುವುದನ್ನಷ್ಟೇ. ಅಲ್ಲಿ ಮತ್ತದೇ ಕೋಣೆಯ ಗಾಳಿ ತಣಿಸಬೇಕು. ಅದನ್ನು ಅದೇ ಮುಚ್ಚಿದ ಖಾನೆಯಲ್ಲಿಟ್ಟರೆ ಏಳು ಸಾವಿರ ಖರ್ಚಾಗಿ ಡಿಸ್ಕು 58ರಲ್ಲೇ ಉಳಿಯುತ್ತದೆ. ಪಂಪ್ ಎಂಬ ಇನ್ನೊಂದು ಕೆಡಬಹುದಾದ ಭಾಗವೂ ಸೇರುತ್ತದೆ. 65 ವಾಟಿನ ಪ್ರೊಸೆಸರಿಗೆ ಅದು ಅತಿಯಾಯಿತು.

ನೀರಿನ ಏರ್ ಕೂಲರ್ ವಿಚಾರದಲ್ಲಿ ಎರಡು ಮಾತು. ನಿಮ್ಮ ಕಡೆಯ ಒಣ ಬೇಸಿಗೆಯಲ್ಲಿ ಅದು ಕೋಣೆಯನ್ನು ಐದಾರು ಡಿಗ್ರಿಯಾದರೂ ಇಳಿಸುತ್ತದೆ, ಆ ಲಾಭ ಕಂಪ್ಯೂಟರಿನ ಪ್ರತಿ ಭಾಗಕ್ಕೂ ಅಷ್ಟಕ್ಕಷ್ಟೇ ಸಿಗುತ್ತದೆ, ಆದ್ದರಿಂದ ಕೋಣೆಯಲ್ಲಿ ಓಡಲಿ. ತೇವದಿಂದ ಒಳಗೆ ನೀರು ಕೂರುತ್ತದೆ ಎಂಬ ಭಯ ಓಡುತ್ತಿರುವ ಯಂತ್ರಕ್ಕೆ ಅನ್ವಯಿಸದು, ಏಕೆಂದರೆ ಇಬ್ಬನಿ ಕೂರುವುದು ಗಾಳಿಗಿಂತ ತಣ್ಣಗಿರುವ ವಸ್ತುವಿನ ಮೇಲೆ. ಆದರೆ ಕೂಲರಿನ ಬಾಯಿಯನ್ನು ನೇರವಾಗಿ ಕ್ಯಾಬಿನೆಟ್ಟಿಗೆ ತಿರುಗಿಸಿದರೆ ಸಣ್ಣ ಹನಿಗಳು ಹಾರಿ ಬರುತ್ತವೆ. ಗಡಸು ನೀರಾದರೆ ಅವು ಒಣಗಿ ಬಿಳಿ ಉಪ್ಪಿನ ಪುಡಿ ಉಳಿಯುತ್ತದೆ, ಧೂಳಿನೊಂದಿಗೆ ಸೇರಿ ಬ್ಲೋವರಿಗೂ ಜಗ್ಗದ ಕೆಸರಾಗುತ್ತದೆ. ಕಿಟಕಿಯೊಂದನ್ನು ಸ್ವಲ್ಪ ತೆರೆದಿಡಿ ಮತ್ತು ಕೂಲರಿನ ಗಾಳಿ ನಿಮ್ಮ ಕಡೆ ಬರಲಿ, ಕಂಪ್ಯೂಟರಿನ ಕಡೆ ಬೇಡ.

ಇನ್ನು ಮುಂದೆ ಅಂಕಿಗಳನ್ನು ನೋಡುವ ಬಗೆ. ಎಚ್‌ಡಬ್ಲ್ಯುಇನ್ಫೊ ತಂತ್ರಾಂಶವನ್ನು ಸೆನ್ಸರ್ಸ್ ಓನ್ಲಿ ಎಂದು ಆರಿಸಿ ತೆರೆಯಿರಿ, ಆ ಹೊತ್ತಿಗೆ ಬೇರೆ ಮಾಪನ ತಂತ್ರಾಂಶಗಳು ಓಡುತ್ತಿರಬಾರದು, ಎರಡು ಒಟ್ಟಿಗೆ ಒಂದೇ ಚಿಪ್ಪನ್ನು ಪ್ರಶ್ನಿಸಿದರೆ ಸುಳ್ಳು ಅಂಕಿಗಳು ಬರುವುದುಂಟು. ಒಂದಿಡೀ ರೆಂಡರ್ ಮುಗಿಯುವವರೆಗೆ ಬಿಟ್ಟು, ಗರಿಷ್ಠದ ಅಂಕಣಕ್ಕಿಂತ ಸರಾಸರಿಯ ಅಂಕಣವನ್ನು ಓದಿ. ಗರಿಷ್ಠ ಎಂಬುದು ಒಂದೇ ಕೋರ್ ಒಂದೇ ಸೆಕೆಂಡು ಜಿಗಿದದ್ದೂ ಆಗಿರಬಹುದು. ಬಿಸಿಗೆ ವೇಗ ತಗ್ಗಿಸಿಕೊಂಡಿತೇ ಎಂದು ತಿಳಿಸುವ ಥರ್ಮಲ್ ಥ್ರಾಟ್ಲಿಂಗ್ ಎಂಬ ಸಾಲಿನಲ್ಲಿ ನೋ ಎಂದಿದ್ದರೆ ಪ್ರೊಸೆಸರ್ ವಿಷಯ ಅಲ್ಲಿಗೆ ಬಿಡಿ. ಪ್ರತಿ ಸಲವೂ ತಾಪಮಾನದ ಪಕ್ಕದಲ್ಲಿ ಕೋಣೆಯ ತಾಪಮಾನವನ್ನೂ ಬರೆದಿಡಿ. ಮುಂದಿನ ಡಿಸೆಂಬರಿನಲ್ಲಿ ಎರಡರ ನಡುವಿನ ಅಂತರ ಈಗಿನಷ್ಟೇ ಇದ್ದರೆ ಕೂಲರ್ ಚೆನ್ನಾಗಿದೆ, ಹೆಚ್ಚಾಗಿದ್ದರೆ ಧೂಳೋ ಪೇಸ್ಟೋ ನೋಡುವ ಕಾಲ ಬಂದಿದೆ.

ಇದರಲ್ಲಿ ಯಾವುದಕ್ಕೂ ಕೈಹಾಕುವ ಮುನ್ನ, ಸಾಧ್ಯವಾದರೆ ನಾಳೆ ಬೆಳಗಿನ ತಂಪು ಹೊತ್ತಿನಲ್ಲೇ, ಆ 4 ಟಿಬಿ ಡಿಸ್ಕಿನಲ್ಲಿರುವ ಮದುವೆಗಳನ್ನೆಲ್ಲ ಹೊಸ ಎಕ್ಸ್‌ಟರ್ನಲ್ ಡಿಸ್ಕೊಂದಕ್ಕೆ ನಕಲು ಮಾಡಿಕೊಳ್ಳಿ. ಒಂದೇ ಉಸಿರಿಗೆ ಎಲ್ಲವನ್ನೂ ಎಳೆಯದೆ ಈ ವರ್ಷದ್ದನ್ನು ಮೊದಲು, ಹಳೆಯದನ್ನು ಆಮೇಲೆ ತೆಗೆಯಿರಿ, ನಡುವೆ ಡಿಸ್ಕು 55 ದಾಟಿದರೆ ನಿಲ್ಲಿಸಿ ತಣಿಯಲು ಬಿಡಿ. ನಕಲು ಮುಗಿದ ಮೇಲೆ ಆ ಹೊಸ ಡಿಸ್ಕನ್ನು ಮನೆಗೆ ಒಯ್ದು ಬೀರುವಿನಲ್ಲಿಡಿ, ಸ್ಟುಡಿಯೊದ ಟೇಬಲ್ಲಿನ ಖಾನೆಯಲ್ಲಿ ಬೇಡ.